ಕಾಜರೂನಿನ ತಂತಿ

ಶಿರಾಜ್
೭ ಅಕ್ಟೋಬರ್ ೨೦೨೩

ತೂರಾನ್ ಜಾನ್,

ಈ ಕಾಗದ ಸೇರುವ ಹೊತ್ತಿಗೆ ನೀನು ಕ್ಷೇಮವಾಗಿರುತ್ತೀಯೆಂದು ನಂಬಿದ್ದೇನೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಯಾವ ಕಾಗದವನ್ನೂ ಹೀಗೇ ಶುರು ಮಾಡಬೇಕೆಂದು ಬಾಯಿಪಾಠ ಮಾಡಿಸಿದ್ದರು. ‘ಹೋಪ್ ದಿಸ್ ಲೆಟರ್’ ಅಂತ ಮೊದಲು, ‘ಗುಡ್ ಹೆಲ್ತ್’ ಅಂತ ಕೊನೆ. ನಡುವಿನದು ಮರೆತು ಹೋಗಿದೆ. ಆಗ ಅದು ಬರೀ ಬಾಯಿಮಾತು. ಈಗ ಬರೆಯಹೊರಟರೆ ಕೈ ತಡೆಯುತ್ತದೆ.

ಒಂದು ಪುಸ್ತಕ ಸಿಕ್ಕಿದೆ. ಜಂದ್ ರಸ್ತೆಯ ಪಕ್ಕ ಹಳೇ ಪುಸ್ತಕ ಹರವಿಕೊಂಡು ಕೂರುತ್ತಾನಲ್ಲ, ಅವನ ಹತ್ತಿರ. ರಟ್ಟಿಲ್ಲ, ಮೊದಲ ಹನ್ನೆರಡು ಪುಟವಿಲ್ಲ. ಹಾಗಾಗಿ ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ. ತೆರೆದ ಪುಟದಲ್ಲಿ ‘ಶಿರಾಜ್’ ಅಂತ ಕಂಡಿತು, ಎತ್ತಿಕೊಂಡೆ.

“ಹಾಜಿ ಆಗಾ, ಅದು ಇಂಗ್ಲಿಷು. ನಿಮ್ಗೆ ಆಗಲ್ಲ, ಬಿಡಿ,” ಅಂದ.

“ನೀನು ಹುಟ್ಟೋಕೆ ಮುಂಚೆ ಕಲ್ತಿದ್ದೀನಿ, ಕಟ್ಟಿಕೊಡಯ್ಯ,” ಅಂದೆ.

ಆಗುವುದಿಲ್ಲ ಅಂತ ಅವನು ಹೇಳಿದ್ದೇ ಸರಿ. ಒಂದು ಪುಟಕ್ಕೆ ಒಂದು ಗಂಟೆ ಬೇಕು. ನಿಘಂಟಿನ ಬೆನ್ನು ಕಿತ್ತುಬಂದಿದೆ. ಆದರೂ ಓದುತ್ತಿದ್ದೇನೆ. ನೂರಾಐದು ವರ್ಷದ ಹಿಂದೆ ನಮ್ಮ ಶಿರಾಜಿಗೆ ಬಂದಿತ್ತಲ್ಲ, ಆ ಇನ್‌ಫ್ಲುಯೆಂಜಾ, ಅದರ ಕಾಲದ ಕಾದಂಬರಿ. ನಮ್ಮಜ್ಜಿ ಅದನ್ನು ‘ಗಾಳಿ’ ಅನ್ನುತ್ತಿದ್ದಳು, ‘ಗಾಳಿಯ ವರ್ಷದಲ್ಲಿ ನಿಮ್ಮ ದೊಡ್ಡಜ್ಜ ಹೋದರು’ ಅಂತ. ಈ ಪುಸ್ತಕದಲ್ಲೂ ಜನ ಮನೆತುಂಬ ಎಸ್ಫಂದ್ ಬೀಜದ ಹೊಗೆ ಹಾಕುತ್ತಾರೆ, ಟರ್ನಿಪ್ ಗೆಡ್ಡೆ ಬೇಯಿಸಿ ಕುಡಿಯುತ್ತಾರೆ, ಪಕ್ಕದ ಮನೆಯವರು ಕೆಮ್ಮಿದರೆ ಕಿಟಕಿ ಮುಚ್ಚುತ್ತಾರೆ. ಕೊರೊನಾ ಕಾಲದಲ್ಲಿ ನಾವು ಮಾಡಿದ್ದೆಲ್ಲ ನಕಲು ಅನ್ನಿಸಿತು. ಎಪ್ಪತ್ತೆರಡು ವರ್ಷಕ್ಕೆ, ನನ್ನ ಭಯ ಕೂಡ ನನ್ನದಲ್ಲ, ಯಾರೋ ಬಳಸಿ ಬಿಟ್ಟದ್ದು ಅಂತ ಗೊತ್ತಾದರೆ ಹೇಗಿರುತ್ತದೆ?

ಕಥೆಯ ನಾಯಕ ನನ್ನ ಕಸುಬಿನವನು. ತಂತಿ ಆಫೀಸಿನ ಗುಮಾಸ್ತ, ಮಿರ್ಜಾ ನಸ್ರುಲ್ಲಾ ಅಂತ. ಅವನು ಶಿರಾಜಿನಲ್ಲಿ ಕೂತು ಕಾಜರೂನಿಗೆ ಟಕಟಕ ಕಳಿಸುತ್ತಾನೆ, ಅಲ್ಲಿ ಅವನ ಗೆಳೆಯ ಹಾತಂ ತೆಗೆದುಕೊಳ್ಳುತ್ತಾನೆ. ಬಂದರಿನಿಂದ ಸಿಪಾಯಿಗಳ ಜೊತೆ ರೋಗ ಮೇಲೇರಿ ಬರುತ್ತಿದೆ ಅಂತ ಮೊದಲು ಗೊತ್ತಾಗುವುದು ಇವರಿಬ್ಬರಿಗೆ. ಹೇಳಿದರೆ ಯಾರೂ ಕೇಳುವುದಿಲ್ಲ. ಮುಂದಿನದು ಓದಿದ ಮೇಲೆ ಬರೆಯುತ್ತೇನೆ.

ಇನ್ನೊಂದು. ನಿನ್ನ ಅಕ್ಕ ಮಹ್ಲಗಾ ಮಲಗಿರುವ ಜಾಗದ ಹತ್ತಿರ ರಸ್ತೆ ಇದೆಯಾ? ಗಾಡಿಗಳ ಹಾರ್ನು ಕೇಳಿಸುತ್ತದಾ? ಸುಮ್ಮನೆ ಕೇಳಿದೆ. ಈ ಮಂಡಿ ನೋವು ಕಡಿಮೆಯಾಗಿದ್ದರೆ ನಾನೇ ಬಂದು ನೋಡುತ್ತಿದ್ದೆ.

ನಿನ್ನ ಭಾವ
ಹೂಶಂಗ್


ಲಂಗರೂದ್
೨ ನವೆಂಬರ್ ೨೦೨೩

ಹೂಶಂಗ್ ಭಾವ,

ಇಡೀ ಶಿರಾಜಿಗೆ ಮೂವತ್ತು ವರ್ಷ ಫೋನಿನ ಲೈನು ಎಳೆದ ಮನುಷ್ಯ ಈಗ ಫೋನು ಮುಟ್ಟುವುದಿಲ್ಲ, ಅಂಚೆಚೀಟಿ ನೆಕ್ಕುತ್ತಾ ಕೂತಿದ್ದಾರೆ ಅಂತ ನನ್ನ ಮಗಳು ಗುಲ್ನಾರ್ ನಗುತ್ತಾಳೆ. “ಅಮ್ಮಾ, ದೊಡ್ಡಪ್ಪಂಗೆ ಒಂದು ಪಾರಿವಾಳ ಕಳ್ಸು, ಇನ್ನೂ ಬೇಗ ಮುಟ್ಟುತ್ತೆ,” ಅಂದಳು. ನಾನು ನಗಲಿಲ್ಲ, ಬೈದೆ. ಆಮೇಲೆ ನಕ್ಕೆ.

ಆ ಪುಸ್ತಕ ಯಾಕೆ ಓದುತ್ತೀರಿ? ಒಂದು ಸಲ ಅನುಭವಿಸಿದ್ದು ಸಾಲದಾ? ನಮ್ಮ ಬೀದಿಯಲ್ಲಿ ಆ ತಿಂಗಳು ಒಂಬತ್ತು ಮನೆಯ ಬಾಗಿಲಿಗೆ ಕಪ್ಪು ಬಟ್ಟೆ ಬಿದ್ದಿತ್ತು. ಅದರ ಬಗ್ಗೆ ಯಾರಾದರೂ ಪುಸ್ತಕ ಬರೆದರೆ ಅದರಲ್ಲಿ ಒಲೆ ಹೊತ್ತಿಸುತ್ತೇನೆ. ಆದರೂ ಆ ಗುಮಾಸ್ತನಿಗೆ ಮುಂದೆ ಏನಾಯಿತು ಅಂತ ಬರೆಯಿರಿ.

ರಸ್ತೆ ಕೇಳಿದ್ದೀರಿ. ಊರು ಬೆಳೆದಿದೆ, ಈಗ ರಸ್ತೆ ಇಲ್ಲದ ಜಾಗ ಎಲ್ಲಿದೆ? ಮಳೆ ಹಿಡಿದುಕೊಂಡಿದೆ, ಈ ಕಾಲದಲ್ಲಿ ಬರಬೇಡಿ, ಮಂಡಿಗೆ ಒಳ್ಳೆಯದಲ್ಲ. ಬಸ್ಸಿನ ಡ್ರೈವರ್ ಕೈಲಿ ಟೀ ಸೊಪ್ಪು ಕಳಿಸಿದ್ದೇನೆ. ಅಕ್ಕ ಮಾಡುತ್ತಿದ್ದ ಹಾಗೆ ಎರಡು ಏಲಕ್ಕಿ ಹಾಕಿ.

ತೂರಾನ್


ಶಿರಾಜ್
೧೦ ಡಿಸೆಂಬರ್ ೨೦೨೩

ತೂರಾನ್ ಜಾನ್,

ಟೀ ಬಂತು. ಏಲಕ್ಕಿ ಹಾಕಿದೆ, ಆದರೂ ಅವಳ ಕೈಯದಾಗಲಿಲ್ಲ. ಅಂಗಳದ ಹುಳಿಕಿತ್ತಳೆ ಈ ಸಲ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿದೆ. ಕೀಳುವವರಿಲ್ಲ. ಬಿದ್ದದ್ದನ್ನು ಆರಿಸಿ ಪಕ್ಕದ ಮನೆಯವರಿಗೆ ಕೊಡುತ್ತೇನೆ. ಅವರು ಎರಡು ಕೈಯಲ್ಲೂ ತೆಗೆದುಕೊಳ್ಳುತ್ತಾರೆ, ಆಮೇಲೆ ಕೈ ತೊಳೆಯುತ್ತಾರೆ. ಅಭ್ಯಾಸ ಹೋಗಿಲ್ಲ.

ಕಥೆ ಕೇಳಿದ್ದೀಯ. ಹಾತಂ ಸತ್ತ. ತಂತಿ ಆಫೀಸಿಗೆ ಅದು ಗೊತ್ತಾಗುವ ರೀತಿ ನೋಡು. ಇವನು ಇಲ್ಲಿಂದ ಕಳಿಸುತ್ತಾನೆ, ಅಲ್ಲಿಂದ ‘ಮುಟ್ಟಿತು’ ಅನ್ನುವ ಟಕ್ ಬರುವುದಿಲ್ಲ. ಅಷ್ಟೇ. ಶವ ಇಲ್ಲ, ಅಳು ಇಲ್ಲ. ಊರಲ್ಲಿ ಹೆಣ ತೊಳೆಯುವವರೇ ಸತ್ತು ಹೋಗಿರುತ್ತಾರೆ, ಅಂಗಡಿ ಬೀದಿಯಲ್ಲಿ ನಾಯಿ ಬಿಟ್ಟರೆ ಯಾರಿಲ್ಲ, ಮೇಲಧಿಕಾರಿಯೂ ಹಾಸಿಗೆ ಹಿಡಿದಿದ್ದಾನೆ. ನಸ್ರುಲ್ಲಾ ಮಾತ್ರ ದಿನಾ ಆಫೀಸು ತೆರೆದು, ಸತ್ತವನಿಗೆ ಕಳಿಸುತ್ತಲೇ ಇರುತ್ತಾನೆ. ಮೊದಲು ಸರ್ಕಾರಿ ಮಾತು, ಆಮೇಲೆ ಸ್ವಂತದ್ದು. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಮೂರು ದಿನ ತೆರೆಯಲಿಲ್ಲ.

ಆ ಹಾರ್ನಿನ ಮಾತನ್ನು ಸುಮ್ಮನೆ ಕೇಳಿದ್ದಲ್ಲ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ಪ್ರಶ್ನೆ ನಿನಗೆ ಮುದುಕನ ಹುಚ್ಚು ಅನ್ನಿಸುತ್ತದೆ.

ಅವಳು ನಿನ್ನ ಮನೆಗೆ ಬಂದು ಇಪ್ಪತ್ತು ದಿನಕ್ಕೆ ಹೋದಳು. ನಿಮ್ಮ ಗಿಲಾನ್ ಪ್ರಾಂತ್ಯದ ರಸ್ತೆಗಳಿಗೆ ತಡೆ ಹಾಕಿದ್ದರು, ನಾನು ಇಲ್ಲಿಂದ ಕದಲುವ ಹಾಗಿರಲಿಲ್ಲ. ಮೈ ತೊಳೆಯಲಿಲ್ಲ. ಚೀಲದಲ್ಲಿಟ್ಟು, ಸುಣ್ಣ ಸುರಿದು ಮುಚ್ಚುತ್ತಾರೆ ಅಂದರು. ಸರಿ, ಊರಿಗೆಲ್ಲ ಆದದ್ದು ನಮಗೂ ಆಯಿತು. ಆದರೆ ತಲ್ಕೀನ್? ಗೋರಿಗೆ ಇಳಿಸಿದ ಮೇಲೆ ಮನೆಯವರೊಬ್ಬರು ಭುಜ ಹಿಡಿದು ಅಲುಗಿಸಿ, ಹೆಸರು ಕರೆದು, ‘ಕೇಳು, ತಿಳಿದುಕೋ’ ಅಂತ ಹೇಳದೆ ಯಾರನ್ನಾದರೂ ಕಳಿಸಿದ್ದುಂಟಾ? ಆಗ ನೀನೇ ಫೋನು ಮಾಡಿದೆ. “ಭಾವಾ, ನೀವೇ ಹೇಳಿ. ಗೋರಿ ತೋಡೋನು ಫೋನು ತಗೊಂಡು ಕೆಳಗಿಳೀತಾನಂತೆ, ಅಕ್ಕನ ಕಿವಿ ಹತ್ರ ಹಿಡೀತಾನಂತೆ,” ಅಂದೆ.

ನಾನು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಹೇಳಿದೆ. ಏಳು ನಿಮಿಷ. ‘ಕೇಳು, ತಿಳಿದುಕೋ, ಶಾಬಾನನ ಮಗಳು ಮಹ್ಲಗಾ.’ ಮುಗಿಸಿ “ಕೇಳಿಸಿತಾ?” ಅಂದೆ. ನೀನು “ಕೇಳಿಸಿತು” ಅಂದೆ.

ತೂರಾನ್, ನನ್ನ ಕೆಲಸವೇ ಲೈನಿಗೆ ಕಿವಿ ಕೊಡುವುದಾಗಿತ್ತು. ಆಚೆ ತುದಿಯ ಫೋನು ಕೋಣೆಯಲ್ಲಿದೆಯಾ, ಬಾವಿಯ ಹತ್ತಿರವಿದೆಯಾ, ಕಾರಿನಲ್ಲಿದೆಯಾ ಅಂತ ಹೇಳಬಲ್ಲೆ. ಹಸಿಮಣ್ಣಿನ ಗುಂಡಿಯೊಳಗೆ ಸದ್ದು ಸತ್ತುಹೋಗುತ್ತದೆ, ಕಂಬಳಿ ಹೊದ್ದ ಹಾಗೆ. ನನಗೆ ಆ ದಿನ ಕೇಳಿದ್ದು ಬೇರೆ. ಎರಡು ಸಲ ಹಾರ್ನು, ಒಂದು ಕಬ್ಬಿಣದ ಗೇಟಿನ ಕಿರ್ರ್. ಮಳೆ ತಗಡಿನ ಮೇಲೆ ಬೀಳುತ್ತಿತ್ತು, ಮಣ್ಣಿನ ಮೇಲಲ್ಲ.

ನಿಜ ಹೇಳು. ನನ್ನ ಮಾತು ಅವಳವರೆಗೆ ಹೋಯಿತಾ ಇಲ್ಲವಾ? ನನಗೆ ಅದೊಂದು ಗೊತ್ತಾಗಬೇಕು. ಯಾವುದಾದರೂ ಸರಿ.

ಹೂಶಂಗ್


ಲಂಗರೂದ್
೩ ಜನವರಿ ೨೦೨೪

ಹೂಶಂಗ್ ಭಾವ,

ಹೋಯಿತು. ಕಿವಿಯ ಹತ್ತಿರವೇ ಹಿಡಿದಿದ್ದ. ಒಂದಕ್ಷರ ಬಿಡದೆ ಮುಟ್ಟಿತು. ಇನ್ನು ಆ ಚಿಂತೆ ಬಿಟ್ಟು ಹೊತ್ತಿಗೆ ಸರಿಯಾಗಿ ಊಟ ಮಾಡಿ. ಚಳಿಗೆ ಕಾಲುಚೀಲ ಹೆಣೆದು ಕಳಿಸುತ್ತಿದ್ದೇನೆ.

ತೂರಾನ್


ಶಿರಾಜ್
೨೮ ಜನವರಿ ೨೦೨೪

ತೂರಾನ್ ಜಾನ್,

ನಾಲ್ಕು ಸಾಲಿನ ಕಾಗದ. ‘ಒಂದಕ್ಷರ ಬಿಡದೆ.’ ನೀನು ನನ್ನ ಸಮಾಧಾನಕ್ಕೆ ಬರೆದಿದ್ದೀಯ, ಗೊತ್ತು. ನಾನು ಸಂತೋಷಪಡಬೇಕಿತ್ತು. ಕಾಗದ ಮಡಚಿಟ್ಟು ಅಂಗಳಕ್ಕೆ ಹೋಗಿ ನಿಂತೆ, ಒಳಗೆ ಬರಲು ಮನಸ್ಸಾಗಲಿಲ್ಲ.

ಯಾಕೆಂದು ಇಷ್ಟು ಮಾತ್ರ ಹೇಳುತ್ತೇನೆ. ಅರಬ್ಬಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ನಮ್ಮ ಮಾತಿನಲ್ಲಿ ಅವಳಿಗೊಂದು ಮಾತು ಸೇರಿಸಿದ್ದೆ. ಸೇರಿಸಬಾರದಿತ್ತು. ಅದೇನು ಅಂತ ನಿನಗೆ ಬೇಡ. ಅದು ಅವಳನ್ನು ಮುಟ್ಟದೆ ಇದ್ದಿದ್ದರೆ ಸಾಕು ಅಂತ ನಾಲ್ಕು ವರ್ಷದಿಂದ ಆ ಎರಡು ಹಾರ್ನನ್ನು ನೆಚ್ಚಿಕೊಂಡಿದ್ದೆ. ಮಂಡಿ ನೋವು ಅಂತ ನಿನಗೆ ಬರೆಯುತ್ತಿದ್ದೆ. ಮಂಡಿ ಚೆನ್ನಾಗಿಯೇ ಇದೆ. ಅವಳ ತಲೆಯ ಹತ್ತಿರ ಹೋಗಿ ನಿಲ್ಲುವ ಮುಖ ನನಗಿರಲಿಲ್ಲ.

ಪುಸ್ತಕಕ್ಕೆ ಬರುತ್ತೇನೆ, ಅದರ ಮೇಲೂ ಸಿಟ್ಟಿದೆ. ಒಂದು ದಿನ ನಸ್ರುಲ್ಲಾ ಕಳಿಸಿ ಮುಗಿಸಿದಾಗ ಕಾಜರೂನಿನಿಂದ ‘ಟಕ್’ ಅಂತ ಒಂದು ಉತ್ತರ ಬರುತ್ತದೆ. ಒಂದೇ ಒಂದು ಟಕ್. ಅವನು ಕುರ್ಚಿಯಿಂದ ಬೀಳುತ್ತಾನೆ. ಹಾತಂ ಬದುಕಿದ್ದಾನೆ! ಅಲ್ಲಿಂದ ಹದಿನೈದು ದಿನ ಅವನು ತನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಕಳಿಸುತ್ತಾನೆ. ಸತ್ತ ಮಗಳ ವಿಷಯ, ಹಾತಂನ ಮೇಲೆ ಎಂದೋ ಇಟ್ಟುಕೊಂಡಿದ್ದ ದ್ವೇಷ, ಎಲ್ಲ. ಪ್ರತಿ ಸಲವೂ ಒಂದು ಟಕ್. ದಾರಿ ಬಿಟ್ಟ ಮೇಲೆ ಹೇಸರಗತ್ತೆ ಹತ್ತಿ ಕಾಜರೂನಿಗೆ ಹೋಗುತ್ತಾನೆ. ಹಾತಂ ಸತ್ತು ನಲವತ್ತು ದಿನ ಕಳೆದಿದೆ. ಯಂತ್ರದ ಮುಂದೆ ಅವನ ಹೆಂಡತಿ ಕೂತಿದ್ದಾಳೆ. ಅವಳಿಗೆ ಓದು ಬರುವುದಿಲ್ಲ, ಆದರೆ ಗಂಡನ ಪಕ್ಕ ಕೂತು ಕೂತು ಟಕಟಕ ಮಾತ್ರ ತಿಳಿಯುತ್ತದೆ. ಅವಳಿಗೆ ಎಲ್ಲವೂ ಅರ್ಥವಾಗಿದೆ.

ಎಂಥ ಹೆಂಗಸು ಅವಳು? ತನ್ನದಲ್ಲದ ಮಾತನ್ನು ಕೂತು ಕೇಳಿಸಿಕೊಂಡು, ಮೇಲೆ ‘ಮುಟ್ಟಿತು’ ಅಂತ ಉತ್ತರ ಬೇರೆ! ಆ ಅಧ್ಯಾಯದ ಅಂಚಿನಲ್ಲಿ ನನಗೆ ಬರುವ ಇಂಗ್ಲಿಷ್ ಬೈಗುಳ ಒಂದನ್ನು ಬರೆದಿಟ್ಟೆ. ನನಗೆ ಬರುವುದು ಅದೊಂದೇ.

ಮಾರ್ಚ್ ಹನ್ನೊಂದಕ್ಕೆ ನಾಲ್ಕು ವರ್ಷ ತುಂಬುತ್ತದೆ. ಈ ಸಲ ಬರುತ್ತೇನೆ. ಅವಳಿಗೆ ಮುಟ್ಟಿದ್ದೇ ಆದರೆ ಅವಳ ಎದುರೇ ಕ್ಷಮೆ ಕೇಳುತ್ತೇನೆ. ಬೇರೆ ದಾರಿ ನನಗೆ ತೋಚುತ್ತಿಲ್ಲ.

ಹೂಶಂಗ್


ಲಂಗರೂದ್
೧೯ ಫೆಬ್ರವರಿ ೨೦೨೪

ಹೂಶಂಗ್ ಭಾವ,

ಆ ಹೆಂಗಸನ್ನು ಬಯ್ಯಬೇಡಿ. ಟಕಟಕ ನಿಲ್ಲುತ್ತಿರಲಿಲ್ಲ. ಆ ಕಡೆ ಒಬ್ಬ ಮನುಷ್ಯ ಒಬ್ಬನೇ ಕೂತಿದ್ದ. ಅವಳು ಇನ್ನೇನು ಮಾಡಬೇಕಿತ್ತು?

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ನೀವು ಬಂದರೆ ನೋಡಿಯೇ ಬಿಡುತ್ತೀರಿ, ಅದಕ್ಕೆ ಈಗಲೇ ಹೇಳುತ್ತೇನೆ. ಅಕ್ಕನ ಗೋರಿ ಖಬರಸ್ತಾನದ ಹಿಂದಿನ ತುದಿಯಲ್ಲಿದೆ, ಟೀ ತೋಟದ ಬೇಲಿಯ ಹತ್ತಿರ. ಅಲ್ಲಿಗೆ ರಸ್ತೆ ಕೇಳಿಸುವುದಿಲ್ಲ.

ಆ ದಿನ ಗೇಟಿನಿಂದ ಒಳಗೆ ಯಾರನ್ನೂ ಬಿಡಲಿಲ್ಲ. ನಾನು ಗೇಟಿನ ಸರಳಿನ ಸಂದಿಯಿಂದ ಫೋನು ಚಾಚಿದೆ. ಗೋರಿ ತೋಡುವ ಆ ಬಿಳಿ ಅಂಗಿಯವನಿಗೆ, “ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದೈದು ನಿಮಿಷ,” ಅಂದೆ. ಅವನು ಹಿಂದೆ ಸರಿದ. “ಅಕ್ಕಾ, ನಿಮ್ಮ ಫೋನು ನಾನು ಮುಟ್ಟಲ್ಲ, ನಂಗೂ ಮಕ್ಕಳಿದಾರೆ,” ಅಂದ. ಅವನಿಗೂ ಬಯ್ಯಲಾರೆ. ಅಷ್ಟರಲ್ಲಿ ಫೋನಿನಲ್ಲಿ ನೀವು ಶುರು ಮಾಡಿಬಿಟ್ಟಿದ್ದಿರಿ. ‘ಕೇಳು, ತಿಳಿದುಕೋ.’ ಹೇಗೆ ತಡೆಯಲಿ? ತಗಡಿನ ಮಾಡಿನ ಕೆಳಗೆ ನಿಂತು ಫೋನನ್ನು ನನ್ನ ಕಿವಿಗೇ ಒತ್ತಿಕೊಂಡೆ. ಅಲ್ಲಿದ್ದದ್ದು ಶಾಬಾನನ ಇನ್ನೊಬ್ಬ ಮಗಳು ತಾನೆ, ಅವಳಾದರೂ ಕೇಳಲಿ ಅಂತ.

ಅರಬ್ಬಿ ಮುಗಿಯಿತು. ಆಮೇಲೆ ನೀವು ಹೇಳಿದಿರಿ. “ಮಹ್ಲಗಾ, ನಿನ್ನನ್ನ ಕೊಂದಿದ್ದು ನಿನ್ನ ತಂಗಿ. ಮಗಳ ಮದುವೆ ರಜಾಯಿ ಹೊಲಿಯೋಕೆ ಕರೆಸಿ ಕೊಂದಳು. ನಾನವಳನ್ನ ಕ್ಷಮಿಸಲ್ಲ. ನೀನೂ ಕ್ಷಮಿಸಬೇಡ.”

ಆಮೇಲೆ “ಕೇಳಿಸಿತಾ?” ಅಂದಿರಿ. ನಾನು “ಕೇಳಿಸಿತು” ಅಂದೆ. ಸುಳ್ಳು ಹೇಳಲಿಲ್ಲ ಭಾವ. ಕೇಳಿಸಿತ್ತು.

ತಲ್ಕೀನು ಅಕ್ಕನಿಗೆ ಮುಟ್ಟಲಿಲ್ಲ ಅಂದರೆ ನೀವು ಒಡೆದುಹೋಗುತ್ತೀರಿ ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮುಟ್ಟದಿರಲಿ ಅಂತ ನೀವು ಕಾಯುತ್ತಿದ್ದಿರಿ ಅಂತ ನನಗೆ ಹೇಗೆ ಗೊತ್ತಾಗಬೇಕು?

ಆ ರಜಾಯಿ ಮುಗಿಸಲಿಲ್ಲ. ಗುಲ್ನಾರ್ ಅಂಗಡಿಯದನ್ನು ತೆಗೆದುಕೊಂಡು ಹೋದಳು.

ತೂರಾನ್


ಶಿರಾಜ್
೨೨ ಮೇ ೨೦೨೪

ತೂರಾನ್,

‘ಹೋಪ್ ದಿಸ್ ಲೆಟರ್’ ಅಂತ ಬರೆದು ನಿಲ್ಲಿಸಿದೆ. ಮೂರು ತಿಂಗಳಲ್ಲಿ ಬರೆದದ್ದು ಅಷ್ಟೇ.

ಮಾರ್ಚ್ ಹನ್ನೊಂದಕ್ಕೆ ನಿನ್ನ ಊರಿಗೆ ಬಂದಿದ್ದೆ. ಇಟ್ಟಿಗೆ ಸೇತುವೆಯ ಹತ್ತಿರ ಇಳಿದೆ. ಖಬರಸ್ತಾನಕ್ಕೆ ನಡೆದುಹೋದೆ. ಬೇಲಿಯ ಹತ್ತಿರ ಕಲ್ಲು ಸಿಕ್ಕಿತು. ನೀನು ಅದನ್ನು ತೊಳೆದು ಇಟ್ಟಿದ್ದೆ, ಹಯಸಿಂತ್ ಹೂವಿನ ಕುಂಡ ಇತ್ತು. ಕಣ್ಣು ಮುಚ್ಚಿ ಕಿವಿ ಕೊಟ್ಟೆ. ಹಾರ್ನು ಇಲ್ಲ, ಗೇಟಿಲ್ಲ. ಬೇಲಿಯ ಮೇಲೆ ನೀರು ಹನಿಯುವ ಸದ್ದು. ನಾಲ್ಕು ವರ್ಷ ಬೇಡಿಕೊಂಡದ್ದು ಸಿಕ್ಕಿತ್ತು. ಅವಳಿಗೆ ಕೇಳಿಸಿರಲಿಲ್ಲ. ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದುಕೊಳ್ಳಲು ಆಗಲಿಲ್ಲ.

ಇಲ್ಲಿ ಮಸೀದಿಯ ಮೌಲ್ವಿಯನ್ನು ಮೊದಲೇ ಕೇಳಿಕೊಂಡಿದ್ದೆ. “ಮಣ್ಣು ಮಾಡಿದ ಮೇಲೂ ಹೇಳಬಹುದು ಆಗಾ. ಜನ ಎಲ್ಲ ಹೋದ್ಮೇಲೆ ಮನೆಯವರೊಬ್ಬರು ತಲೆ ಹತ್ರ ನಿಂತು ಗಟ್ಟಿಯಾಗಿ ಹೇಳ್ತಾರೆ. ತಡ ಆಯ್ತು ನಿಜ, ಆದ್ರೂ ಹೇಳಿ,” ಅಂದಿದ್ದರು. ಬಾಯಿ ತೆರೆದೆ. ‘ಕೇಳು’ ಅಂದೆ. ಮುಂದಿನದು ಬರಲಿಲ್ಲ. ಅದೇ ಬಾಯಿ ತಾನೆ.

ಅಲ್ಲಿಂದ ನಿನ್ನ ಬೀದಿಗೆ ಬಂದೆ. ರೊಟ್ಟಿ ಅಂಗಡಿಯ ತನಕ ಬಂದೆ. ನಿನ್ನ ಹಸಿರು ಬಾಗಿಲು ಕಾಣಿಸುತ್ತಿತ್ತು. ರೊಟ್ಟಿಯವನು “ಯಾರು ಬೇಕಿತ್ತು?” ಅಂದ. ‘ಯಾರೂ ಇಲ್ಲ’ ಅಂತ ಒಂದು ರೊಟ್ಟಿ ತೆಗೆದುಕೊಂಡು ಹಿಂತಿರುಗಿದೆ.

ಈಗ ಹೇಳಬೇಕಾದ್ದು. ಅವಳು ಹೊರಡುವ ಹಿಂದಿನ ದಿನ ಕೋಮ್ ಊರಲ್ಲಿ ಇಬ್ಬರು ಸತ್ತ ಸುದ್ದಿ ಟೀವಿಯಲ್ಲಿ ಬಂತು. ಅವಳು ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸಿ, “ಬಸ್ಸು ಕೋಮ್ ಮೇಲೇ ಹೋಗೋದು. ತೂರಾನಿಗೆ ಹೇಳಿದ್ರೆ ಅರ್ಥ ಮಾಡ್ಕೋತಾಳೆ. ಹಬ್ಬ ಕಳೆದ್ಮೇಲೆ ಹೋಗ್ಲಾ?” ಅಂದಳು. ನಾನು, “ಟೀವಿಯವರಿಗೇನು ಕೆಲಸ, ಅವಳು ಅಳ್ತಾಳೆ, ಹೋಗು,” ಅಂದೆ. ನೀನು ಅಳುತ್ತೀಯ ಅಂತ ಅಲ್ಲ ತೂರಾನ್. ಹೊಸವರ್ಷಕ್ಕೆ ಮನೆ ತೊಳೆಯಲು ಶುರು ಮಾಡಿದ್ದಳು. ಪರದೆ ಬಿಚ್ಚು, ಕಾರ್ಪೆಟ್ಟು ಮಾಡಿಗೆ ಹೊತ್ತುಕೊಂಡು ಹೋಗು, ಬಡಿ, ಅಂತ ದಿನಾ ಹೇಳುತ್ತಿದ್ದಳು. ಅವಳು ಹೋದರೆ ಹತ್ತು ದಿನ ಆ ಕಾಟ ತಪ್ಪುತ್ತದೆ ಅನ್ನಿಸಿತು. ಅಷ್ಟಕ್ಕೆ.

ಅದನ್ನು ಯಾರ ಮೇಲಾದರೂ ಹಾಕದೆ ಆ ದಿನ ಸ್ಟೂಲಿನಿಂದ ಏಳಲು ಆಗುತ್ತಿರಲಿಲ್ಲ. ನಿನ್ನ ಮೇಲೆ ಹಾಕಿದೆ. ಸತ್ತವಳಿಗೆ ಹೇಳುತ್ತಿದ್ದೇನೆ, ಬದುಕಿದವರಿಗೆ ತಿಳಿಯುವುದಿಲ್ಲ ಅಂತ ಧೈರ್ಯ ಮಾಡಿದೆ.

ಮೂವತ್ತು ವರ್ಷ ಲೈನು ರಿಪೇರಿ ಮಾಡಿದ್ದೇನೆ. ಹೋದ ಮಾತನ್ನು ಹಿಂದಕ್ಕೆ ಎಳೆಯುವ ಕೆಲಸ ನನಗೆ ಯಾರೂ ಕಲಿಸಲಿಲ್ಲ. ಕ್ಷಮಿಸು ಅನ್ನಲೂ ಹೆದರಿಕೆ. ಕ್ಷಮಿಸಬೇಡ ಅಂತ ಹೇಳಿಕೊಟ್ಟವನು ನಾನೇ.

ನಿನ್ನಿಂದ ಒಂದು ಕೆಲಸ ಆಗಬೇಕು. ನೀನು ಹೋಗಿ ಆ ತಲ್ಕೀನು ಹೇಳು. ಅವಳ ತಂಗಿ ನೀನು, ನಿನಗೆ ಹಕ್ಕಿದೆ. ಮುಗಿದ ಮೇಲೆ ನನ್ನ ಬಗ್ಗೆ ಅವಳಿಗೆ ಏನು ಹೇಳಬೇಕು ಅನ್ನಿಸುತ್ತದೋ ಹೇಳು. ಫೋನು ತೆಗೆದುಕೊಂಡು ಹೋಗಬೇಡ. ನಾನು ಕೇಳುವುದಿಲ್ಲ.

ಪುಸ್ತಕದ ಕೊನೆಯ ಅಧ್ಯಾಯ ಓದಿಲ್ಲ. ಆ ಹೆಂಗಸಿಗೆ ಬರೆದಿದ್ದ ಬೈಗುಳವನ್ನು ರಬ್ಬರಿನಲ್ಲಿ ಉಜ್ಜಿದೆ. ಪುಟ ತೂತಾಯಿತು.

ಹೂಶಂಗ್


ಲಂಗರೂದ್
೧೪ ಜೂನ್ ೨೦೨೪

ಹೂಶಂಗ್ ಭಾವ,

ಮಾರ್ಚಿನಲ್ಲಿ ನೀವು ಬಂದದ್ದು ನನಗೆ ಗೊತ್ತು. ಕಿಟಕಿಯಲ್ಲಿದ್ದೆ. ರೊಟ್ಟಿ ಅಂಗಡಿಯ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಿರಿ, ತುಂಬ ಸೊರಗಿದ್ದೀರಿ. ಚಿಲಕದ ಮೇಲೆ ಕೈ ಇಟ್ಟೆ. ತೆಗೆಯಲು ಆಗಲಿಲ್ಲ. ನೀವು ತಿರುಗಿ ಹೋದ ಮೇಲೆ ತೆಗೆದೆ.

ನಿನ್ನೆ ಗುರುವಾರ ಅಕ್ಕನ ಹತ್ತಿರ ಹೋಗಿದ್ದೆ. ಫೋನು ಮನೆಯಲ್ಲೇ ಬಿಟ್ಟೆ. ತಲೆಯ ಕಡೆ ಕೂತು, ಕಲ್ಲಿನ ಮೇಲೆ ಕೈಯಿಟ್ಟು, ಭುಜ ಅಂದುಕೊಂಡು ಅಲುಗಿಸಿ ಹೇಳಿದೆ. ಪ್ರಾರ್ಥನೆಯ ಪುಸ್ತಕ ನೋಡಿಕೊಂಡು ಹೇಳಿದರೂ ಎರಡು ಕಡೆ ತಪ್ಪಿತು. ಆಮೇಲೆ ನಿಮ್ಮ ಬಗ್ಗೆಯೂ ಹೇಳಿದೆ. ಏನು ಅಂತ ಕೇಳಬೇಡಿ.

ಎಲ್ಲ ಮುಗಿದ ಮೇಲೆ, ಆ ದಿನ ನೀವು ಕೇಳಿದಿರಲ್ಲ, ಹಾಗೇ ನನ್ನ ಬಾಯಲ್ಲೂ ಬಂದುಬಿಟ್ಟಿತು. “ಕೇಳಿಸಿತಾ?” ಅಂದೆ.

ಬಹಳ ಹೊತ್ತು ಕೂತಿದ್ದೆ ಭಾವ. ‘ಕೇಳಿಸಿತು’ ಅನ್ನಲು ಈ ಸಲ ಗೇಟಿನ ಹತ್ತಿರ ಯಾರೂ ಇರಲಿಲ್ಲ.

ತೂರಾನ್